ಮೊದಲು ನೀನು

"ಮೊದಲು ನೀನು," ಅಂದ ಗಂಡ.

ದಿನವೂ ಹೇಳುವ ಮಾತೇ. ಹೇಳದಿದ್ದರೂ ಅವಳು ಮಾಡುತ್ತಿದ್ದಳು, ಆದರೆ ಹೇಳದಿದ್ದರೆ ಅವನಿಗೆ ಬೆಳಗಾಗುವುದಿಲ್ಲ. ತಟ್ಟೆಯಲ್ಲಿ ಅವನ ಔಷಧಗಳೆಲ್ಲ ಜೋಡಿಜೋಡಿಯಾಗಿ ಕೂತಿದ್ದವು: ರಕ್ತ ತೆಳುವಾಗಿಸುವ ಬಿಳಿಯವು, ಕೊಬ್ಬು ಇಳಿಸುವ ಗುಲಾಬಿಯವು, ಕೊನೆಗೆ ಜೇನಿನ ಬಣ್ಣದ ಮೀನೆಣ್ಣೆಯ ಗುಳಿಗೆಗಳು. ಪ್ರತಿಯೊಂದರಲ್ಲೂ ಒಂದು ಅವಳಿಗೆ, ಒಂದು ಅವನಿಗೆ. ಯಾವುದು ಯಾರಿಗೆ ಎಂದು ಅವನೇ ಬೆರಳಿಟ್ಟು ತೋರಿಸುವುದು, ಅವಳು ಕೈಗೆತ್ತಿಕೊಂಡ ಮೇಲೆ "ಅದಲ್ಲ, ಇದು" ಎಂದು ಬದಲಾಯಿಸುವುದು, ಅವಳು ನುಂಗಿ ಬಾಯಿ ತೆರೆದು ನಾಲಿಗೆ ಎತ್ತಿ ತೋರಿಸುವುದು, ಅವನು ತಲೆ ಓರೆ ಮಾಡಿ ಆ ಬಾಯೊಳಗೆ ಇಣುಕುವುದು. ಆಮೇಲೆ ಕಾಯುವುದು. ಚಹಾದ ಮೇಲೆ ಕೆನೆ ಕಟ್ಟುವ ತನಕ ಅವಳ ಮುಖವನ್ನೇ ನೋಡುತ್ತ ಕೂರುತ್ತಾನೆ. ಮದುವೆಯಾಗಿ ಇಷ್ಟು ವರ್ಷಗಳಲ್ಲಿ ಅವನು ತನ್ನ ಮುಖವನ್ನು ಇಷ್ಟು ಹೊತ್ತು ನೋಡಿದ್ದೇ ಇಲ್ಲ ಎಂದು ಅವಳಿಗೆ ಮೊದಮೊದಲು ಅನ್ನಿಸಿದ್ದುಂಟು. ಥೂ, ಎಂಥಾ ಯೋಚನೆ ಎಂದು ಆಮೇಲೆ ತನ್ನ ಮೇಲೇ ಅಸಹ್ಯಪಟ್ಟುಕೊಂಡಿದ್ದಳು. ಅವಳು ಸಾಯಲಿಲ್ಲವೆಂದು ಖಾತ್ರಿಯಾದ ಮೇಲೆ ಅವನು ತನ್ನ ಪಾಲಿನವನ್ನು ಒಂದೊಂದಾಗಿ ನುಂಗಿ, ಮೀನೆಣ್ಣೆಯದನ್ನು ಮಾತ್ರ ಕಣ್ಣು ಮುಚ್ಚಿ ನುಂಗಿ, ಎದೆಯ ಮೇಲೆ ಅಂಗೈ ಇಟ್ಟುಕೊಂಡ. ಒಳಗೆ ಎಣ್ಣೆ ಇಳಿದು ಎಲ್ಲ ನುಣುಪಾಗುತ್ತಿದೆ ಎಂದು ಅವನ ನಂಬಿಕೆ.

ಎದೆನೋವಿಗೆಂದು ಸೇರಿದ್ದ ಆಸ್ಪತ್ರೆಯಿಂದ ಅವನು ಬಂದ ಮಾರನೆಯ ದಿನ ಇದೆಲ್ಲ ಶುರುವಾದದ್ದು. ಪಕ್ಕದ ಹಾಸಿಗೆಯ ಮುದುಕ ಏನು ಕಿವಿಯೂದಿದ್ದನೋ, ಅಥವಾ ಇವನೇ ಅಂಗಾತ ಮಲಗಿ ಸೂರು ನೋಡುತ್ತ ಹೆಣೆದುಕೊಂಡನೋ, ಅವಳು ಮೊದಲ ಸಲ ಮಾತ್ರೆ ಕೈಗಿತ್ತಾಗ, "ಈಗ ನಿನ್ನ ಕೈಗೆ ಸಿಕ್ಕಿದೀನಲ್ಲ. ಏನು ಬೆರೆಸಿ ಕೊಟ್ರೂ ಗೊತ್ತಾಗಲ್ಲ ಅಂದ್ಕೊಂಡಿದೀಯಾ?" ಅಂದಿದ್ದ. ಅವಳಿಗೆ ನಗು ಬಂದುಬಿಟ್ಟಿತ್ತು. ಎದ್ದು ನಿಲ್ಲಲು ಗೋಡೆ ಹಿಡಿಯುವ ಸ್ಥಿತಿಯಲ್ಲೂ ಅವನ ಕೈ ಎದ್ದಿತು, ನಗು ನಿಂತಿತು. ಆದರೆ ಪೆಟ್ಟು ಮರೆತುಹೋಯಿತು, ಮಾತು ಮರೆಯಲಿಲ್ಲ. ಇವನು ಸಾಯಲಿ ಎಂದು ಅವಳು ಎಂದಾದರೂ ಅಂದುಕೊಂಡಿದ್ದಳೇ? ಹಿಡಿಶಾಪ ಹಾಕಿದ್ದಳು, ಹೌದು. ಕೈ ಮುರಿದುಹೋಗಲಿ ಅಂದಿದ್ದಳು. ಆದರೆ ಒಂದು ಲೋಟದಲ್ಲಿ ಏನನ್ನೋ ಕದಡಿ ಕೈಗಿಡುವ ಯೋಚನೆ, ಇಷ್ಟೆಲ್ಲ ಹೊಡೆತ ತಿಂದ ತನಗೆ ಬಾರದೇ ಹೋದದ್ದು, ಹೊಡೆದ ಅವನಿಗೆ ಹೇಗೆ ಬಂತು? ಬಂದ ಆ ಯೋಚನೆಯನ್ನು ಅವನು ದಿನಾ ಬೆಳಿಗ್ಗೆ ಅವಳಿಗೂ ಒಂದೊಂದಾಗಿ ನುಂಗಿಸುತ್ತಿದ್ದ. ಈಗ ಅವಳಿಗೆ ಬೇಕಾದದ್ದು ಒಂದೇ ಆಗಿತ್ತು. ತಾನು ಅಂಥವಳಲ್ಲ ಎಂಬುದು ನಿಜವಾಗಿರಬೇಕು. ಅವನಿಗೆ ಗೊತ್ತಾಗದಿದ್ದರೆ ಮನೆ ಹಾಳಾಗಲಿ, ತನಗಾದರೂ ಗೊತ್ತಿರಬೇಕು. ಬಿಟ್ಟು ಹೋಗಬಹುದಿತ್ತು. ಹೋದ ಮೇಲೆ ಅವನು ಸತ್ತರೆ? ಸತ್ತವನ ಮಾತೇ ನಿಜವಾಗಿ ಉಳಿದುಬಿಡುವುದಿಲ್ಲವೇ?

ಅವನು ಪುಟ್ಟ ಗಾಜಿನ ಸೀಸೆಯೊಂದನ್ನು ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿದ. ಎದೆ ಹಿಡಿದುಕೊಂಡಾಗ ನಾಲಿಗೆಯ ಕೆಳಗಿಡುವ ಮಾತ್ರೆಗಳದು. ಒಳಗೆ ಒಂಟಿ ಸದ್ದು. "ಒಂದೇ ಇದೆ. ಸಾಯಂಕಾಲ ಬರ್ತಾ ತಗೊಂಡು ಬಾ. ಮೀನೆಣ್ಣೇನೂ ಮುಗೀತು. ಅಂಗಡಿಯಿಂದ ಒಳ್ಳೇದು ಆರಿಸಿ ತಾ. ನಿನ್ನ ಫ್ಯಾಕ್ಟ್ರಿ ಕಸ ತಂದು ಸುರೀಬೇಡ ಇಲ್ಲಿ."

"ಫ್ಯಾಕ್ಟ್ರಿಯದು ಕಸ ಅಂತ ಯಾರು ಹೇಳಿದ್ದು?"

ಬಾಯಿಗೆ ಬಂದುಬಿಟ್ಟಿತ್ತು. ಅವನು ಸೀಸೆಯನ್ನು ಮೇಜಿನ ಮೇಲಿಟ್ಟ. ಹತ್ತಿರ ಕರೆದ. ಅವಳು ಹೋದಳು. ತೋಳಿನ ಒಳಭಾಗದ ಮೆತ್ತಗಿನ ಜಾಗದಲ್ಲಿ ಹೆಬ್ಬೆರಳಿಟ್ಟು, ಎಲುಬು ಸಿಗುವ ತನಕ ಒತ್ತಿ, ಅಲ್ಲೇ ತಿರುವಿದ. ಅವಳು ತುಟಿ ಪಿಟಕ್ಕೆನ್ನಲಿಲ್ಲ. ಎದುರುಮನೆಯಾಕೆ ಟೀವಿಯ ಸದ್ದು ಏರಿಸಿದ್ದು ಕೇಳಿಸಿತು. ಇಲ್ಲಿ ಸದ್ದಾಗಲಿ ಆಗದಿರಲಿ, ಈ ಹೊತ್ತಿಗೆ ಆಕೆ ಏರಿಸುವವಳೇ. ಆಕೆಗೂ ಅಭ್ಯಾಸವಾಗಿತ್ತು.

ಅವನ ಕಸುಬು ಕಾರುಗಳ ನೆಗ್ಗು ತೆಗೆಯುವುದು. ಈಗ ವಿಶ್ರಾಂತಿಯಲ್ಲಿದ್ದಾನೆ, ಆದರೆ ಊರಲ್ಲಿ ಅವನಂಥ ಕೈ ಇನ್ನೊಂದಿಲ್ಲ ಎಂದು ಗ್ಯಾರೇಜಿನವರು ಈಗಲೂ ಫೋನು ಮಾಡಿ ಬೆಣ್ಣೆ ಹಚ್ಚುತ್ತಾರೆ. ಮದುವೆಯಾದ ಹೊಸದರಲ್ಲಿ ಅವಳನ್ನು ಕರೆದುಕೊಂಡು ಹೋಗಿ ತೋರಿಸಿದ್ದ. ಬಾಗಿಲು ಅಪ್ಪಚ್ಚಿಯಾಗಿದ್ದ ನೀಲಿ ಕಾರು. ಸುತ್ತಿಗೆಗೆ ಚರ್ಮ ಸುತ್ತಿದ್ದ. ಒಳಗಿನಿಂದ ಕೈ ಹಾಕಿ, ಕಿವಿ ತಗಡಿಗೆ ಆನಿಸಿ, ಮೆಲ್ಲಗೆ ಟಪ್ ಟಪ್ ಎಂದು ಬಡಿಯುತ್ತಾ ಹೋದ. ಪೆಟ್ಟು ಕಾಣಬಾರದು, ಆಕಾರ ಬರಬೇಕು, ಬಣ್ಣ ಹಾರಬಾರದು, ಅದೇ ಕೆಲಸ ಅಂದರೆ, ಎಂದು ಹೇಳಿದ್ದ. ಅವಳಿಗೆ ಹೆಮ್ಮೆಯಾಗಿತ್ತು. ಎಂಥ ಸೂಕ್ಷ್ಮ ಕೈ ಎಂದುಕೊಂಡಿದ್ದಳು ಹುಚ್ಚಿ. ಆ ಕೈ ಮನೆಗೆ ಬಂದಾಗಲೂ ಹಾಗೇ ಇತ್ತು. ಬೆನ್ನಿಗೆ ದಿಂಬಿಟ್ಟು ಅದರ ಮೇಲೆ ಗುದ್ದು, ಅಂಗಾಲಿಗೆ, ತಲೆಯಲ್ಲಿ ಕೂದಲಿನ ಮರೆಗೆ, ತೊಡೆಗೆ ಒದ್ದೆ ಟವೆಲು ಸುತ್ತಿದ ಮುಷ್ಟಿ. ಒಂದು ಗೀರು ಇಲ್ಲ, ಒಂದು ಕಲೆ ಇಲ್ಲ. ಒಮ್ಮೆ ಅವಳು ಅಣ್ಣನ ಮನೆಗೆ ಓಡಿಹೋಗಿ ಎಲ್ಲ ಹೇಳಿದಾಗ ಅತ್ತಿಗೆ ಅವಳ ತೋಳು, ಕತ್ತು, ಬೆನ್ನು ಎಲ್ಲ ತಿರುಗಿಸಿ ನೋಡಿ, "ಏನೂ ಇಲ್ವಲ್ಲೇ" ಅಂದಿದ್ದಳು. ಹೇಳಿದ ರೀತಿಯಲ್ಲಿ ಸುಳ್ಳು ಹಿಡಿದ ಸಂತೋಷವಿತ್ತು. ಅವತ್ತು ಸಂಜೆಯೇ ಅಣ್ಣ ಅವಳನ್ನು ವಾಪಸು ಬಿಟ್ಟು ಬಂದ, ಭಾವನ ಜೊತೆ ಕೂತು ಊಟವನ್ನೂ ಮಾಡಿ ಹೋದ.

ಫ್ಯಾಕ್ಟರಿಯಲ್ಲಿ ಅವಳ ಕೆಲಸ ಗುಳಿಗೆ ನೋಡುವುದು. ಅಷ್ಟೇ, ನೋಡುವುದು. ಕೆಳಗಿನಿಂದ ದೀಪ ಹಾಕಿದ ಗಾಜಿನ ಮೇಜು, ಅದರ ಮೇಲೆ ಮೀನೆಣ್ಣೆಯ ಗುಳಿಗೆಗಳು ಉರುಳಿಕೊಂಡು ಬರುತ್ತವೆ. ಬೆಳಕು ಒಳಗೆ ತುಂಬಿಕೊಂಡು ಒಂದೊಂದೂ ಹೊಳೆಯುತ್ತದೆ. ಗುಳ್ಳೆ ಇರುವುದು, ಸೊಟ್ಟಗಿರುವುದು, ಎರಡು ಅಂಟಿಕೊಂಡದ್ದು, ಅಂಚಿನ ಬೆಸುಗೆಯಲ್ಲಿ ಎಣ್ಣೆ ಜಿನುಗುವುದು, ಇವನ್ನು ಬೇರೆ ಮಾಡಬೇಕು. ಜಿನುಗುವುದಕ್ಕೆ ಅಲ್ಲಿಯ ಹೆಂಗಸರೆಲ್ಲ ಅಳುಮುಂಜಿ ಎನ್ನುತ್ತಾರೆ. ಒಂದು ಅಳುಮುಂಜಿ ಡಬ್ಬಿಯೊಳಗೆ ಸೇರಿದರೆ ಡಬ್ಬಿಯೆಲ್ಲ ನಾರುತ್ತದೆ. ಕಣ್ಣಲ್ಲಿ ಕಣ್ಣಿಟ್ಟು ನೋಡಬೇಕು, ಬೆರಳಿಗೆ ಜಿಡ್ಡು ತಗುಲಿತೇ ಎಂದು ತಿಳಿಯಬೇಕು. ಅವಳ ಕಣ್ಣು ತಪ್ಪಿಸಿ ಒಂದು ಅಳುಮುಂಜಿ ಹೋದದ್ದಿಲ್ಲ. ಈ ಮೇಜಿನ ಮುಂದೆ ಅವಳು ಯಾರಿಗೂ ಹೆದರುವುದಿಲ್ಲ. ಬೇಡ ಎನಿಸಿದ್ದನ್ನು ಎತ್ತಿ ಕಸದ ತೊಟ್ಟಿಗೆ ಎಸೆಯುತ್ತಾಳೆ, ಯಾಕೆ ಎಂದು ಯಾರೂ ಕೇಳುವುದಿಲ್ಲ. ಎಸೆಯುವಾಗ ಮೈಯಲ್ಲಿ ಒಂದು ಸುಖ ಹರಿಯುತ್ತದೆ. ಕೆಲವೊಮ್ಮೆ ಬೆರಳುಗಳ ನಡುವೆ ಇಟ್ಟು ಒಡೆಯುವುದೂ ಉಂಟು, ಟಪ್ ಎಂದು.

"ಏನೇ ಅದು?"

ಪಕ್ಕದಲ್ಲಿ ಕೂರುವ ಗೆಳತಿ ಕೇಳಿದಳು. ಬಾಯಿ ಸುಮ್ಮನಿರದ ಅವಳಿಗೆ ಎಲ್ಲರೂ ಗಿಣಿ ಎನ್ನುತ್ತಾರೆ. ಸೆಖೆಗೆ ಕೋಟಿನ ತೋಳು ಮಡಚಿದ್ದು ಇವಳ ತಪ್ಪು. ಮೇಜಿನ ದೀಪ ಕೆಳಗಿನಿಂದ ಬಿದ್ದು ತೋಳಿನ ಒಳಭಾಗವೆಲ್ಲ ಬೆಳಗಿತ್ತು. ಬೆಳಿಗ್ಗೆ ಹೆಬ್ಬೆರಳು ಊರಿದ್ದ ಜಾಗದಲ್ಲಿ ಕಪ್ಪುನೇರಳೆ ಬಣ್ಣ ಅಂಗೈಯಗಲ ಹರಡಿತ್ತು. ಅದರ ಪಕ್ಕ ಹಳೆಯದೊಂದು ಹಳದಿ, ಮೊಣಕೈ ಹತ್ತಿರ ಹಸಿರು. ಅವಳು ತಾನೇ ಬೆಚ್ಚಿ ನೋಡಿದಳು. ಬಚ್ಚಲಲ್ಲಿ ಇಷ್ಟು ಬೆಳಕಿಲ್ಲ. ಈಚೆಗೆ ಮೈಮೇಲೆ ಅಲ್ಲಲ್ಲಿ ಕಲೆ ಏಳುತ್ತಿರುವುದು ಗೊತ್ತಿತ್ತು, ವಯಸ್ಸು ಎಂದುಕೊಂಡಿದ್ದಳು. ಇಷ್ಟು ವರ್ಷ ಕಾಣದ ಕೈ ಈಗ ಯಾಕೆ ಕಾಣುತ್ತಿದೆ?

"ಬಾಗಿಲಿಗೆ ಬಡೀತು."

"ಬಾಗಿಲಿಗೆ ಹೆಬ್ಬೆಟ್ಟು ಇದೆಯೇನೇ?" ಗಿಣಿ ದನಿ ತಗ್ಗಿಸಲಿಲ್ಲ, ಅವಳಿಗೆ ಅದು ಬರುವುದೂ ಇಲ್ಲ. "ನನ್ ಮುಂದೆ ಕಥೆ ಕಟ್ಟಬೇಡ. ನೋಡು, ಇಲ್ಲಿ ಒಂದು, ಇಲ್ಲಿ ನಾಕು. ಅವನ ಕೈ ಅಚ್ಚು ಹಾಕಿದ ಹಾಗಿದೆ. ಅಲ್ಲಾ, ಎದೆ ಒಡ್ಕೊಂಡು ಮಲಗಿದಾನೆ ಅಂದೆ, ಇನ್ನೂ ಬುದ್ಧಿ ಬಂದಿಲ್ವಾ ಆ ಮುಂಡೇಗಂಡನಿಗೆ?"

"ಸುಮ್ನಿರೇ."

"ಸುಮ್ನೆ ನೀನಿದೀಯಲ್ಲ, ಸಾಕು. ನಾನಾಗಿದ್ರೆ ಮಾತ್ರೆ ಕೊಡೋದು ಮರೆತೇ ಹೋಗ್ತಿತ್ತಪ್ಪ ನಂಗೆ." ಹೇಳಿ ನಕ್ಕಳು. ಅವಳದು ಬರೀ ಮಾತು, ಇರುವೆ ಕಂಡರೂ ದಾಟಿಕೊಂಡು ಹೋಗುವವಳು. ಆದರೆ ಇವಳಿಗೆ ಗಂಡನ ಮಾತು ನೆನಪಾಯಿತು. ತೋಳು ಇಳಿಸಿಕೊಂಡಳು. ಬೆರಳಿನ ನಡುವೆ ಸಿಕ್ಕಿದ್ದ ಗುಳಿಗೆ, ಒಳ್ಳೆಯದೇ, ಒಡೆದು ಅಂಗೈಯೆಲ್ಲ ಎಣ್ಣೆಯಾಯಿತು.

ಆ ವಾಸನೆಗೆ ಅಮ್ಮ ನೆನಪಾಗುತ್ತಾಳೆ. ಆಗ ಗುಳಿಗೆ ಎಲ್ಲಿತ್ತು? ಸೀಸೆ, ಚಮಚ. ಅಮ್ಮ ಅವಳನ್ನು ಮಂಡಿಗಳ ನಡುವೆ ಸಿಕ್ಕಿಸಿಕೊಂಡು, ಒಂದು ಕೈಯಲ್ಲಿ ಮೂಗು ಹಿಡಿದು, ಉಸಿರಿಗೆ ಬಾಯಿ ತೆರೆದ ಕೂಡಲೇ ಚಮಚ ತುರುಕುತ್ತಿದ್ದಳು. ಒದ್ದು, ಕಚ್ಚಿ, ಕಿರುಚಿ, ಕೊನೆಗೆ ನುಂಗುವುದು. ನುಂಗಿದ ಮೇಲೆ ಅಮ್ಮ ಸೆರಗಿನಿಂದ ಬಾಯಿ ಒರೆಸಿ ತಾನೂ ಒಂದು ಚಮಚ ಕುಡಿದು ಮುಖ ಸಿಂಡರಿಸಿ, "ನೋಡು, ನಾನೂ ಕುಡಿದೆ" ಎಂದು ಮುದ್ದಿಡುತ್ತಿದ್ದಳು. ಅಮ್ಮನದು ಯಾವಾಗಲೂ ಎರಡನೇ ಸರದಿ. ಒತ್ತಾಯವೆಂದರೆ ಪ್ರೀತಿ ಎಂದು ತನಗೆ ಕಲಿಸಿದವಳು ಅಮ್ಮನೇ ಇರಬೇಕು. ಪಾಪ, ಸತ್ತವಳನ್ನು ಯಾಕೆ ಅನ್ನಬೇಕು?

ಕೆಲಸ ಮುಗಿಸಿ ಔಷಧಿ ಅಂಗಡಿಗೆ ಬಂದಾಗ ಬೀದಿಯಲ್ಲಿ ಇನ್ನೂ ಬಿಸಿಲಿತ್ತು. ಮೀನೆಣ್ಣೆಗೇ ಒಂದು ಗೋಡೆ. ದೊಡ್ಡ ಡಬ್ಬಿ, ಸಣ್ಣ ಡಬ್ಬಿ, ನೀಲಿ ಸಮುದ್ರದ್ದು, ಹಾರುವ ಮೀನಿನದು, ಕೆಂಪು ಹೃದಯಕ್ಕೆ ನಗುವ ಮುಖ ಬರೆದದ್ದು. ಹೃದಯ ಬಲಕ್ಕೆ, ಹೃದಯದ ಗೆಳೆಯ, ಹೃದಯಕ್ಕೆ ದಿನಕ್ಕೊಂದು. ಅವಳು ಒಂದೊಂದನ್ನೇ ಇಳಿಸಿ ತಿರುಗಿಸಿ ನೋಡತೊಡಗಿದಳು. ಮೇಲೆ ಬರೆದದ್ದನ್ನು ಅವಳು ನಂಬುವುದಿಲ್ಲ, ಕಣ್ಣನ್ನು ನಂಬುತ್ತಾಳೆ. ಒಳಗು ಕಾಣುವ ಡಬ್ಬಿಯನ್ನು ಬೆಳಕಿಗೆ ಹಿಡಿದು ಅಲುಗಿಸಿದರೆ ಗುಳಿಗೆ ಬಿಡಿಬಿಡಿಯಾಗಿ ಉರುಳಬೇಕು. ಅಂಟಿಕೊಂಡು ಮುದ್ದೆಯಾಗಿ ಜಾರಿದರೆ ಬಿಸಿಲಿಗೆ ಬೆಂದಿದೆ ಎಂದರ್ಥ. ಮುಚ್ಚಳದ ಸುತ್ತ ಮೂಗಿಟ್ಟರೆ ಏನೂ ವಾಸನೆ ಬರಬಾರದು. ಹೀಗೆ ನಿಂತು ಆರಿಸುವಾಗ ಅವಳಿಗೆ ಲೋಕ ಮರೆತುಹೋಗುತ್ತದೆ. ಒಂದು ಡಬ್ಬಿ ಎತ್ತಿ ಹಿಡಿದಾಗ ಕೈ ತಡೆಯಿತು. ಮೇಲೆ ಯಾವುದೋ ದೂರದ ಹಿಮದ ಸಮುದ್ರದ ಚಿತ್ರ. ಒಳಗಿನ ಗುಳಿಗೆಯ ಬೆಸುಗೆ ಮಾತ್ರ ನಡುವಿನಲ್ಲಿಲ್ಲದೆ ಕೂದಲೆಳೆಯಷ್ಟು ಒಂದು ಕಡೆ ಜರುಗಿತ್ತು. ಅವರ ಫ್ಯಾಕ್ಟರಿಯ ಹಳೇ ಮಶೀನಿನದು ಮಾತ್ರ ಹಾಗೆ ಜರುಗುವುದು! ಆ ಮಶೀನಿನ ಮೇಜು ಅವಳದೇ. ಇವೆಲ್ಲ ಅವಳ ಕೈಕೆಳಗೆ ಉರುಳಿ, ಅವಳ ಕಣ್ಣಿನಿಂದ ಪಾಸಾಗಿ, ಊರೆಲ್ಲ ಸುತ್ತಿ ಹೊಸ ಅಂಗಿ ತೊಟ್ಟು ಇಲ್ಲಿ ಕೂತಿವೆ. ಅವಳಿಗೆ ನಗು ಬಂತು. ಒಂದೂ ಅಳುಮುಂಜಿ ಇಲ್ಲ. ಇಡೀ ಗೋಡೆಯಲ್ಲಿ ಇದಕ್ಕಿಂತ ಒಳ್ಳೆಯದು ಇನ್ನೊಂದಿರಲಿಲ್ಲ.

"ಇದು ಕೊಡಿ."

ಅಂಗಡಿಯವನು ಕನ್ನಡಕದ ಮೇಲಿಂದ ನೋಡಿದ. "ಯಾರಿಗೆ? ನಿಮಗಾ?"

"ನಮ್ಮ ಮನೆಯವರಿಗೆ. ಹಾರ್ಟಿಂದು. ಡಾಕ್ಟ್ರು ಇದರಿಂದ ಅಂಥಾ ಪ್ರಯೋಜನ ಏನಿಲ್ಲ, ಮಾತ್ರೆ ಮಾತ್ರ ಬಿಡಬೇಡಿ ಅಂದ್ರು. ಇವರು ಕೇಳ್ಬೇಕಲ್ಲ."

"ರಕ್ತ ತೆಳು ಮಾಡೋ ಮಾತ್ರೆ ಇದೆ ತಾನೇ? ಹಾಗಿದ್ರೆ ಡಾಕ್ಟ್ರನ್ನ ಇನ್ನೊಂದ್ಸಲ ಕೇಳಿ. ಇದೂ ಸ್ವಲ್ಪ ಅದೇ ಕೆಲಸ ಮಾಡುತ್ತೆ. ಎರಡೂ ಸೇರಿದ್ರೆ ಕೆಲವರಿಗೆ ಸುಮ್ನೆ ತಾಗಿದ್ರೂ ಮೈ ನೀಲಿಗಟ್ಟುತ್ತೆ, ಮೂಗಲ್ಲಿ ರಕ್ತ ಬಂದ್ರೆ ಬೇಗ ನಿಲ್ಲಲ್ಲ." ಮಾತಾಡುತ್ತಲೇ ಅವನ ಕಣ್ಣು ಅವಳ ಕುತ್ತಿಗೆಯ ಪಕ್ಕಕ್ಕೆ ಹೋಗಿ, ಅಲ್ಲೇ ನಿಂತು, ಬೇಗನೆ ವಾಪಸು ಬಂತು. "ನೀವು ತಗೋತಿಲ್ಲ ತಾನೇ?"

ಅವಳು ಇಲ್ಲ ಎಂದು ತಲೆಯಾಡಿಸಿದಳು. ಡಬ್ಬಿ ಚೀಲಕ್ಕೆ ಹಾಕಿಕೊಂಡು ಬೀದಿಗೆ ಇಳಿದ ಮೇಲೆ ಮಾತು ತಲೆಯೊಳಗೆ ಇಳಿಯಿತು. ಹಾಗಾದರೆ ಇದು ವಯಸ್ಸಲ್ಲ. ಅವನು ದಿನಾ ಬೆಳಿಗ್ಗೆ ತನಗೆ ನುಂಗಿಸಿದ್ದು ತನ್ನ ರಕ್ತದಲ್ಲಿ ಸೇರಿ, ಅವನ ಕೈಯ ಗುರುತನ್ನು ಮೇಲಕ್ಕೆ ಎತ್ತಿ ತೋರಿಸುತ್ತಿದೆ. ಚರ್ಮ ಸುತ್ತಿದ ಸುತ್ತಿಗೆ, ದಿಂಬು, ಒದ್ದೆ ಟವೆಲು, ಅಷ್ಟೆಲ್ಲ ಜಾಣತನ ಮಣ್ಣುಪಾಲಾಗಿದೆ. ಪೆಟ್ಟು ಕಾಣುತ್ತಿದೆ! ಅವಳು ರಸ್ತೆಯ ಬದಿಯಲ್ಲಿ ನಿಂತು ತೋಳು ಮೇಲೆ ಸರಿಸಿ ಹಾಡಹಗಲಲ್ಲಿ ನೋಡಿಕೊಂಡಳು. ಅತ್ತಿಗೆಯ ಮನೆಗೆ ಹೋಗಬೇಕು, ಈಗಲೇ, ಹೋಗಿ ಅವಳ ಊಟದ ತಟ್ಟೆಯ ಪಕ್ಕ ಈ ತೋಳನ್ನಿಡಬೇಕು ಅನ್ನಿಸಿತು. ಅದು ಸಂತೋಷವೋ ಸಿಟ್ಟೋ ತಿಳಿಯಲಿಲ್ಲ. ಎದುರಿಗೆ ಬಂದ ಯಾರಾದರೂ ಭುಜ ತಾಗಿಸಿದ್ದರೆ ಹಿಡಿದು ಬಾರಿಸಿಬಿಡುತ್ತಿದ್ದಳೋ ಏನೋ. ಅಷ್ಟು ರಭಸದಲ್ಲಿ ನಡೆದಳು.

ಮನೆಯ ಮೆಟ್ಟಿಲ ಬುಡಕ್ಕೆ ಬಂದಾಗ ನೆನಪಾಯಿತು. ನಾಲಿಗೆ ಕೆಳಗಿನ ಮಾತ್ರೆ. ಕೇಳುವುದಕ್ಕೇ ಮರೆತಿದ್ದಳು. ಮೀನೆಣ್ಣೆಯ ಗೋಡೆಯ ಮುಂದೆ ಅಷ್ಟು ಹೊತ್ತು ನಿಂತು ಬೇಕಾದದ್ದನ್ನು ಬಿಟ್ಟು ಬಂದಿದ್ದಳು. ಮರೆತೇ ಹೋಗ್ತಿತ್ತಪ್ಪ ನಂಗೆ ಎಂದು ಗಿಣಿ ನಕ್ಕಿದ್ದು ಕಿವಿಯಲ್ಲಿ ಕೇಳಿಸಿತು. ಇಲ್ಲ ಇಲ್ಲ, ಇದು ಆ ಮರೆವಲ್ಲ. ಅಂಗಡಿಯವನು ಕುತ್ತಿಗೆ ನೋಡಿದ, ತಲೆ ಕೆಟ್ಟಿತು, ಮರೆತುಹೋಯಿತು. ನಿಜವಾಗಿ ಮರೆತದ್ದಾದರೆ ಈಗ ನೆನಪಾಯಿತಲ್ಲ, ವಾಪಸು ಹೋಗಬಹುದಲ್ಲ? ಅಂಗಡಿ ತೆರೆದೇ ಇದೆ. ತಿರುಗಿದಳು ಕೂಡ. ಆಗ ಮೇಲೆ ಕಿಟಕಿಯಲ್ಲಿ ಅವನ ಮುಖ ಕಂಡಿತು, ಕೆಳಗೆ ನೋಡುತ್ತಿತ್ತು. ಈಗ ತಿರುಗಿ ಹೋದರೆ ಎಲ್ಲಿಗೆ, ಯಾರ ಹತ್ತಿರ, ಯಾಕೆ ಇಷ್ಟು ಹೊತ್ತು ಎಂದು ಶುರುವಾಗುತ್ತದೆ. ಒಂದಿದೆಯಲ್ಲ, ಇವತ್ತಿಗೆ ಸಾಕು, ನಾಳೆ ತಂದರಾಯಿತು. ಅವಳು ಮೆಟ್ಟಿಲು ಹತ್ತಿದಳು.

"ಇಷ್ಟು ಹೊತ್ತಾ?"

"ಆರಿಸ್ತಾ ಇದ್ದೆ."

ಅವನು ಬಾಗಿಲು ಹಾಕಿ ಡಬ್ಬಿ ಕಿತ್ತುಕೊಂಡ. ಹಿಮದ ಸಮುದ್ರದ ಚಿತ್ರ ನೋಡಿ ಅವನ ಮುಖ ಸ್ವಲ್ಪ ಸಡಿಲವಾಯಿತು. ಮುಚ್ಚಳ ತಿರುಗಿಸಿ ಮೂಸಿದ. ತಲೆಯಾಡಿಸಿದ. "ಇದು ನೋಡು ಮಾಲು ಅಂದ್ರೆ. ಹೊರದೇಶದ್ದು. ನಿಮ್ಮ ಫ್ಯಾಕ್ಟ್ರೀಲಿ ಏಳು ಜನ್ಮ ಎತ್ತಿದ್ರೂ ಹೀಗೆ ಮಾಡಕ್ಕಾಗಲ್ಲ."

ಸುಮ್ಮನಿರಬೇಕಾಗಿತ್ತು. ಸುಮ್ಮನಿರುವುದನ್ನು ಅವಳಷ್ಟು ಚೆನ್ನಾಗಿ ಬಲ್ಲವರು ಯಾರಿದ್ದಾರೆ? ಆದರೆ ಬೀದಿಯಿಂದ ಹೊತ್ತು ತಂದ ಆ ರಭಸ ಮೈಯಿಂದ ಇನ್ನೂ ಇಳಿದಿರಲಿಲ್ಲ. "ಅದು ನಮ್ಮದೇ ಮಾಲು," ಅಂದಳು. "ಬೆಸುಗೆ ನೋಡಿ, ಒಂದು ಕಡೆ ಜರುಗಿದೆ. ನನ್ನ ಮೇಜಿನದು. ನಾನೇ ಪಾಸು ಮಾಡಿದ್ದು."

ಅವನು ಬೆಸುಗೆ ನೋಡಿದ. ಅವಳನ್ನು ನೋಡಿದ. ತನ್ನಿಂದಲೇ ಹೊಗಳಿಸಿ ಮೋಸ ಮಾಡಿದಳು ಎಂಬುದು ಅವನ ಮುಖದಲ್ಲಿ ನಿಧಾನವಾಗಿ ಬಲಿಯುವುದು ಅವಳಿಗೆ ಕಾಣುತ್ತಿತ್ತು. "ಅಂದ್ರೆ ನಿನ್ನ ಕಸಾನೇ ಡಬ್ಬಿಗೆ ತುಂಬಿಸ್ಕೊಂಡು ಬಂದಿದೀಯ. ಹೊರಗಿನ ಡಬ್ಬಿ, ಒಳಗೆ ನಿಂದು. ಏನು ಹಾಕಿದೀಯ ಇದರೊಳಗೆ? ಹೇಳು!"

"ಅಂಗಡಿಯಲ್ಲಿ ಸೀಲು ಹಾಕಿದ್ದು ರೀ..."

"ಮೊದಲು ನೀನು!"

ಅವನ ಎಡಗೈ ಅವಳ ದವಡೆಗೆ ಬಿತ್ತು. ಬೆರಳು ಎರಡೂ ಕಡೆಯಿಂದ ಒತ್ತಿ ಬಾಯಿ ತೆರೆಸಿತು. ಬಲಗೈಯಲ್ಲಿ ಡಬ್ಬಿಯನ್ನೇ ಬಾಯಿಗೆ ಬಗ್ಗಿಸಿದ. ಗುಳಿಗೆಗಳು ಹಲ್ಲಿಗೆ ಬಡಿದು ಗಂಟಲಿಗೆ ನುಗ್ಗಿದವು, ಉಳಿದವು ಟಪಟಪನೆ ನೆಲಕ್ಕೆ ಉದುರಿದವು. ಉಸಿರು ಕಟ್ಟಿತು. ಅವಳು ಕಚ್ಚಿದಳು, ಕಚ್ಚಿದರೆ ಅವು ಒಡೆದವು. ಬಾಯೆಲ್ಲ ಎಣ್ಣೆ, ಗಲ್ಲದ ಮೇಲೆ, ಕುತ್ತಿಗೆಯ ಮೇಲೆ, ಅವನ ಮೊಣಕೈ ತನಕ ಎಣ್ಣೆ. ಎಣ್ಣೆಗೆ ಅವನ ಹಿಡಿತ ಜಾರಿತು. ಅವಳು ಉಗುಳಿದಳು, ಅವನ ಮುಖಕ್ಕೇ ಬಿತ್ತು, ಬೇಕೆಂದು ಉಗುಳಿದಳೋ ಕೆಮ್ಮಿಗೆ ಬಂತೋ ಅವಳಿಗೂ ತಿಳಿಯದು. ಆಗ ಅವನು ಹೊಡೆದ. ದಿಂಬು ಇರಲಿಲ್ಲ, ಟವೆಲು ಇರಲಿಲ್ಲ. ಜೀವಮಾನದ ನಾಜೂಕೆಲ್ಲ ಬಿಟ್ಟು, ನಡು ಮುಖಕ್ಕೆ, ಮುಷ್ಟಿ ಕಟ್ಟಿ. ಮೂಗಿನೊಳಗೆ ಏನೋ ಮುರಿದ ಸದ್ದು ತಲೆಯ ತುಂಬ ಕೇಳಿಸಿತು. ಅವಳು ಗೋಡೆಗೆ ಬಿದ್ದು ಕೂತಳು. ರಕ್ತ ಸುರಿಯಿತು. ತಡೆದು ತಡೆದು ಅಲ್ಲ, ನಲ್ಲಿ ಬಿಟ್ಟಂತೆ ಸುರಿಯಿತು, ತುಟಿ ತುಂಬಿ, ಎದೆ ತೊಯ್ದು, ಮಡಿಲಲ್ಲಿ ನಿಂತಿತು. ನಿಲ್ಲುವುದಿಲ್ಲ ಎಂದಿದ್ದನಲ್ಲ ಅಂಗಡಿಯವನು. ನೋವಿಗಿಂತ ಮೊದಲು ಅವಳಿಗೆ ಹೊಳೆದದ್ದು ಅದೇ.

ಅವನು ತನ್ನ ಮುಷ್ಟಿ ನೋಡಿಕೊಂಡ, ಆಮೇಲೆ ಅವಳ ಮುಖ. ಕೆಲಸ ಕೆಡಿಸಿಕೊಂಡವನ ಮುಖವಾಗಿತ್ತು ಅವನದು. "ಒರೆಸ್ಕೋ," ಅಂದ. "ಒರೆಸ್ಕೋ ಬೇಗ." ಇನ್ನೊಂದು ಹೆಜ್ಜೆ ಮುಂದಿಟ್ಟವನು ಅಲ್ಲೇ ನಿಂತ. ಕೈ ಎದೆಗೆ ಹೋಯಿತು. ಮುಖದ ಬಣ್ಣ ಇಳಿದು ಬೂದಿಯಾಯಿತು, ಹಣೆಯ ಮೇಲೆ ಬೆವರು ಹನಿಗಟ್ಟಿತು. ಗೋಡೆ ಹಿಡಿಯಲು ಹೋದ, ಎಣ್ಣೆಗೈ ಜಾರಿತು. ಗುಳಿಗೆಗಳ ನಡುವೆ ಮಂಡಿಯೂರಿ, ಹಾಗೇ ಪಕ್ಕಕ್ಕೆ ಕೂತ.

"ಸೀಸೆ," ಅಂದ.

ಅವಳು ಎದ್ದಳು. ಇದನ್ನು ಅವಳು ಆಮೇಲೆ ಎಷ್ಟು ಸಲ ನೆನೆಸಿಕೊಳ್ಳಬೇಕಾಗುತ್ತದೋ. ಎದ್ದಳು, ಒಂದು ಗಳಿಗೆಯೂ ತಡ ಮಾಡಲಿಲ್ಲ. ರಕ್ತ ಸುರಿಸುತ್ತಲೇ ಮೇಜಿನ ಮೇಲಿದ್ದ ಸೀಸೆ ತೆಗೆದು, ಮುಚ್ಚಳ ಹಲ್ಲಿನಲ್ಲಿ ಕಚ್ಚಿ ತಿರುಗಿಸಿ, ಆ ಒಂಟಿ ಮಾತ್ರೆಯನ್ನು ಅಂಗೈಗೆ ಸುರಿದುಕೊಂಡು ಅವನ ಮುಂದೆ ಕೂತಳು. "ಬಾಯಿ ತೆರೀರಿ."

ಅವನು ಅಂಗೈ ನೋಡಿದ, ಮಾತ್ರೆ ನೋಡಿದ. ಕಣ್ಣೆತ್ತಿ ಅವಳ ಮುಖ ನೋಡಿದ. ಮೂಗು ಓರೆಯಾಗಿ, ಹಲ್ಲೆಲ್ಲ ಕೆಂಪಾಗಿ, ಗಲ್ಲದಿಂದ ಎಣ್ಣೆಯೂ ರಕ್ತವೂ ಸೇರಿ ತೊಟ್ಟಿಕ್ಕುತ್ತಿದ್ದ ಆ ಮುಖವನ್ನು ಯಾರು ನಂಬುತ್ತಾರೆ? ಅವನ ಕಣ್ಣಲ್ಲಿ ಹುಟ್ಟಿದ ಭಯ ಎಷ್ಟು ನಿಜವಾಗಿತ್ತೆಂದರೆ ಅವಳಿಗೆ ಅಯ್ಯೋ ಅನ್ನಿಸಿತು.

"ಮೊದಲು..." ಅಂದ. "ನೀನು."

"ಒಂದೇ ಇರೋದು ರೀ. ಇದು ಒಂದೇ."

"ಮೊದಲು ನೀನು."

"ಒಂದೇ ಇದೆ ಅಂತ ಬೆಳಿಗ್ಗೆ ನೀವೇ ಹೇಳಿದ್ರಲ್ಲ! ತೆರೀರಿ ಬಾಯಿ!" ಅವಳು ಅವನ ತುಟಿಗೆ ಮಾತ್ರೆ ಒತ್ತಿದಳು. ಅವನು ಹಲ್ಲು ಕಚ್ಚಿದ. ಮುಖ ಅತ್ತ ತಿರುಗಿಸಿದ. ಅವಳು ಗಲ್ಲ ಹಿಡಿದು ಇತ್ತ ತಿರುಗಿಸಿದಳು, ಅವನು ಅವಳ ಮಣಿಕಟ್ಟು ಹಿಡಿದು ದೂಡಿದ. ಎಲ್ಲಿತ್ತೋ ಅಷ್ಟು ಶಕ್ತಿ. ಅಮ್ಮನಾಗಿದ್ದರೆ ಮೂಗು ಹಿಡಿಯುತ್ತಿದ್ದಳು. ಮಂಡಿಗಳ ನಡುವೆ ಸಿಕ್ಕಿಸಿಕೊಂಡು, ಉಸಿರಿಗೆ ಬಾಯಿ ತೆರೆದ ಕೂಡಲೇ ತುರುಕುತ್ತಿದ್ದಳು. ಅದು ಅವಳಿಗೆ ನೆನಪಾಯಿತು. ಸರಿಯಾದ ಹೊತ್ತಿಗೇ ನೆನಪಾಯಿತು. ಕೈಯೂ ಅವನ ಮೂಗಿನ ತನಕ ಹೋಯಿತು. ಅಲ್ಲಿ ನಿಂತಿತು.

ಒಂದಿದೆಯಲ್ಲ ಸಾಕು ಎಂದುಕೊಂಡು ಅವಳು ಮೆಟ್ಟಿಲು ಹತ್ತಿದ್ದಳು. ಈ ಮನೆಯಲ್ಲಿ ಒಂದಿದೆ ಎಂದರೆ ಅವನ ಪಾಲಿಗೆ ಇಲ್ಲ ಎಂದೇ ಅರ್ಥ. ದಿನಾ ತಟ್ಟೆಯಲ್ಲಿ ಜೋಡಿಜೋಡಿಯಾಗಿ ಇಡುವವಳಿಗೆ ಅದು ಗೊತ್ತಿರಲಿಲ್ಲವೇ?

ಮೂಗಿನ ಮೇಲಿಂದ ಕೈ ತೆಗೆದಳು. ಮಾತ್ರೆಯನ್ನು ತನ್ನ ನಾಲಿಗೆಯ ಕೆಳಗಿಟ್ಟುಕೊಂಡಳು. ಆಮೇಲೆ, ಕೇಳುವ ಮೊದಲೇ, ಬಾಯಿ ತೆರೆದು ನಾಲಿಗೆ ಎತ್ತಿ ತೋರಿಸಿದಳು. ರಕ್ತದ ನಡುವೆ ಅದು ಬೆಳ್ಳಗೆ ಕಾಣುತ್ತಿದ್ದಿರಬೇಕು. ಅವನು ಕಷ್ಟಪಟ್ಟು ತಲೆ ಓರೆ ಮಾಡಿ ಇಣುಕಿದ. ನೋಡಿ ಸಮಾಧಾನವಾಯಿತೆಂಬಂತೆ ಕಣ್ಣು ಒಮ್ಮೆ ಮುಚ್ಚಿ ತೆರೆದ. ದಿನಾ ಬೆಳಿಗ್ಗೆ ಮಾಡುವಂತೆಯೇ ತನ್ನ ಪಾಲಿಗೆ ಅಂಗೈ ಚಾಚಿದ.

ಮಾತ್ರೆ ಕರಗತೊಡಗಿತು. ತಲೆಯೊಳಗೆ ಧಿಮ್ ಧಿಮ್ ಎಂದು ಶುರುವಾಯಿತು, ಕೆನ್ನೆ ಕಾದವು, ಮೈಯೊಳಗಿನ ಎಲ್ಲ ದಾರಿಗಳೂ ಒಟ್ಟಿಗೆ ತೆರೆದುಕೊಂಡವು. ಅವನಿಗೆ ಬೇಕಾಗಿದ್ದದ್ದು ಅವಳೊಳಗೆ ಕೆಲಸ ಮಾಡುತ್ತಿತ್ತು. ಮೂಗಿನ ರಕ್ತ ಇನ್ನಷ್ಟು ಬಿಸಿಯಾಗಿ ಇಳಿಯಿತು. ಅವಳು ಗೋಡೆ ಹಿಡಿದು ಎದ್ದಳು. ಕಾಲ ಕೆಳಗೆ ಗುಳಿಗೆಗಳು ಒಂದೊಂದಾಗಿ ಒಡೆದವು. ಬಾಗಿಲ ಅಗುಳಿ ತೆಗೆದಳು, ಆಚೆ ನಿಂತು ಕಿರುಚಿದಳು. ಇಷ್ಟು ವರ್ಷದಲ್ಲಿ ಮೊದಲ ಸಲ. ಯಾರಿಗಾಗಿ ಕಿರುಚುತ್ತಿದ್ದೇನೆಂದು ಅವಳು ಕೇಳಿಕೊಳ್ಳಲಿಲ್ಲ. ಎದುರುಮನೆಯಲ್ಲಿ ಟೀವಿಯ ಸದ್ದು ಏರಿತು, ಏರಿದ್ದು ಹಾಗೇ ಇತ್ತು, ಆಮೇಲೆ ಥಟ್ಟನೆ ನಿಂತಿತು.

ಎದುರುಮನೆಯಾಕೆ ಬಾಗಿಲು ತೆರೆದಳು. ಮುಖ ಕಂಡದ್ದೇ "ಅಯ್ಯಯ್ಯೋ" ಎಂದು ಎರಡೂ ಕೈ ಬಾಯಿಗೆ ತಂದುಕೊಂಡಳು. ಓಡಿ ಬಂದು ಅವಳ ಭುಜ ಹಿಡಿದು, ತನ್ನ ಬಟ್ಟೆಯ ತುದಿಯನ್ನೇ ಮೂಗಿಗೆ ಒತ್ತಿ, ಮೆಟ್ಟಿಲ ಮೇಲೆ ಕೂರಿಸಿದಳು. ಹಿಂದೆ, ತೆರೆದ ಬಾಗಿಲೊಳಗೆ ಅವನು ಕಾಣುತ್ತಿದ್ದ. ಆಕೆಯೂ ಅತ್ತ ಒಮ್ಮೆ ನೋಡಿದಳು. ನೆಲದ ಮೇಲೆ ಕೂತವನನ್ನೂ, ಚಾಚಿದ ಅಂಗೈಯನ್ನೂ ನೋಡಿದಳು. ನೋಡಿ ಮುಖ ಗಂಟಿಕ್ಕಿಕೊಂಡಳು.

"ಅವರಿಗೆ..." ಎಂದು ಇವಳು ಬಾಯಿ ತೆರೆದಳು.

"ಅವರದ್ದು ಆಮೇಲೆ," ಅಂದಳು ಎದುರುಮನೆಯಾಕೆ. "ತಲೆ ಎತ್ತಬೇಡಿ, ಸ್ವಲ್ಪ ಮುಂದಕ್ಕೆ ಬಗ್ಗಿ. ಮೊದಲು ನೀವು."

ಅವಳು ಬಾಯಿ ಮುಚ್ಚಿದಳು. ನಾಲಿಗೆಯ ಕೆಳಗೆ ಮಾತ್ರೆ ಇನ್ನೂ ಒಂದಿಷ್ಟು ಉಳಿದಿತ್ತು. ಅದನ್ನು ನುಂಗಿದಳು.